ಹುಳುಕಿಗೆ ಗಿರಾಕಿ

ಪೂಜ್ಯ ಚರಂತಯ್ಯ ಅಜ್ಜನವರು ಹಿರೇಕೊಳ್ಳದ ಹಳ್ಳದ ದಂಡೆಯಲ್ಲಿ, ಬನ್ನಿಮರದ ಕೆಳಗೊಂದು ಗುಡಿಸಲಿನಲ್ಲಿ ವಾಸವಾಗಿದ್ದರು. ಆಸ್ತಿಯೆಂದರೆ ಒಂದು ಕಂಬಳಿ, ಒಂದು ತಂಬಿಗೆ. ಆದರೆ ಅವರ ನಗು ನೋಡಬೇಕಿತ್ತು! ಜಗಳಕ್ಕೆಂದು ಬಂದವರು ಊಟ ಮುಗಿಸಿ ಹೋಗುತ್ತಿದ್ದರು.

ಒಂದು ಮುಂಜಾನೆ ಫಕೀರಪ್ಪ ಕಾಣಿಕೆಗೆಂದು ಬದನೆಕಾಯಿ ಬುಟ್ಟಿ ಹೊತ್ತು ಬಂದ. ಹಳ್ಳದಾಚೆ ಅವನದು ಅರ್ಧ ಎಕರೆ ತೋಟ. ದಲಾಲರ ಕೈಗೆ ಕೊಡದೆ ತೋಟದ ಬಾಗಿಲಲ್ಲೇ ಕೂತು ಊರಿನವರಿಗೆ ಕಾಯಿ ಮಾರುವವನು. ಹನ್ನೆರಡು ವರ್ಷದಿಂದ ಅವನ ಮೊದಲ ಗಿರಾಕಿ ಗೌರವ್ವ. ಅವನನ್ನು ತಮ್ಮಾ ಎಂದೇ ಕರೆಯುವಾಕೆ. ಕಳೆದ ವಾರ ಆಕೆಯ ಮನೆಗೆ ಹೊಸ ಬೀಗರು ಬಂದಿದ್ದರು. ಎಣ್ಣೆಗಾಯಿಗೆಂದು ಸೀಳಿದರೆ ಕಾಯಿಯ ತುಂಬ ಹುಳ! ಪಾಪ, ಬೀಗರು ಬರೀ ಚಟ್ನಿಪುಡಿಯಲ್ಲಿ ರೊಟ್ಟಿ ತಿಂದೆದ್ದರು. ಅಂದಿನಿಂದ ಗೌರವ್ವ ತೋಟಕ್ಕೆ ಕಾಲಿಡಲಿಲ್ಲ. ಆಕೆಯ ಓಣಿಯೂ ಬರಲಿಲ್ಲ.

"ಕಾಯಿ ಗಿಡದಾಗ ಬಲೀಲಿಕ್ಕತ್ತಾವ್ರೀ ಅಜ್ಜಾರ. ವಿಭೂತಿ ಮಂತ್ರಿಸಿ ಕೊಡ್ರಿ, ಅಕ್ಕ ತಿರುಗಿ ಬರ್ಲಿ" ಎಂದ. ಹೆಂಡತಿಯ ಕಾಟಕ್ಕೆ ಬಂದವನು. ಈ ಮುದುಕನ ಬೂದಿಯಿಂದ ಏನಾದೀತು ಎಂದು ಒಳಗೊಳಗೇ ಅಂದುಕೊಂಡಿದ್ದ.

ಅಜ್ಜನವರು ಕಾಣಿಕೆಯ ಬುಟ್ಟಿಯನ್ನು ಮೆಲ್ಲಗೆ ಕಂಬಳಿಯ ಮೇಲೆ ಬೋರಲು ಹಾಕಿದರು. ಮೇಲಿದ್ದ ನಾಲ್ಕು ಮಿರಮಿರ ಮಿಂಚುತ್ತಿದ್ದವು; ಕೆಳಗಿನ ಬಹುಪಾಲು ಹುಳುಕು. ಅಯ್ಯೋ, ಗಿರಾಕಿಗಳಿಗೆ ಮಾಡುವ ರೂಢಿಯೇ ಗುರುಗಳಿಗೂ! ಕೈ ತನ್ನ ಪಾಡಿಗೆ ತಾನು ಹಾಗೆ ಜೋಡಿಸಿತ್ತು. ಫಕೀರಪ್ಪನಿಗೆ ತಲೆ ಎತ್ತಲಾಗಲಿಲ್ಲ.

ಅಜ್ಜನವರು ಬುಟ್ಟಿಯನ್ನು ತಾವೇ ಮತ್ತೆ ತುಂಬಿದರು. ಚೆನ್ನಾಗಿದ್ದವು ಕೆಳಗೆ, ಹುಳುಕು ಮೇಲೆ.

"ಹಿಂಗ ಒಯ್ಯಿ ಮಗನ. ಯಾರೂ ತಗೊಳ್ಳಿಲ್ಲಂದ್ರ, ಹುಳುಕಿಗೆ ಗಿರಾಕಿ ನಾ ಅದೀನಿ."

ಅವನು ನೇರ ಗೌರವ್ವನ ಹೊಸ್ತಿಲಿಗೆ ಹೋಗಿ ಬುಟ್ಟಿ ಇಳಿಸಿದ. "ಅಕ್ಕಾ, ಅವತ್ತು ಗೊತ್ತಿದ್ದೇ ಕೆಳಗ ಇಟ್ಟಿದ್ದೆ. ತಪ್ಪಾತು."

"ಎಲಾ ಇವನ! ಬೀಗರ ಮುಂದ ನನ್ನ ಮಾನ ಕಳದು, ಈಗ ಹುಳುಕು ಹೊತ್ತು ಬಂದಿಯೇನು?" ಗೌರವ್ವ ಬಾಯಿ ನೋಯುವಷ್ಟು ಬೈದಳು. ಬೈಯುತ್ತಲೇ ಈಳಿಗೆ ಎಳೆದು ಕೂತಳು. ಹುಳುಕಿನ ಭಾಗ ಎಮ್ಮೆಗೆ, ಉಳಿದದ್ದು ಪಾತ್ರೆಗೆ. "ನಾಳೆ ಬರ್ತೀನಿ. ಹಿಂಗ ಕಾಣೋ ಹಂಗ ಇಡು ತಮ್ಮಾ, ಆರಿಸ್ಕೊಳ್ಳಾಕ ನನಗ ಬರ್ತದ."

ತಮ್ಮಾ ಎಂಬ ಆ ಒಂದು ಮಾತಿಗೆ ಅವನು ಓಡುತ್ತಲೇ ತೋಟದ ಹಾದಿ ಹಿಡಿದ.

ಮುಂದಿನ ಸೋಮವಾರ ಅಜ್ಜನವರೇ ಜೋಳಿಗೆ ಹಿಡಿದು ತೋಟದ ಬಾಗಿಲಿಗೆ ದಯಮಾಡಿಸಿದರು. "ಗಿರಾಕಿ ಬಂದೀನಪ್ಪ."

ಬುಟ್ಟಿ ಖಾಲಿ. "ಅಜ್ಜಾರ, ಹುಳುಕೂ ಉಳಿದಿಲ್ರೀ! ಅಕ್ಕನ ಓಣಿಯವ್ರು ಬಂದು ಎಮ್ಮಿಗಂತ ಬಳಕೊಂಡು ಹೋದ್ರು" ಎನ್ನುತ್ತ ಫಕೀರಪ್ಪ ಅವರ ಪಾದ ಹಿಡಿದು ಅತ್ತುಬಿಟ್ಟ. ಅಜ್ಜನವರು ಖಾಲಿ ಜೋಳಿಗೆ ಕೊಡವಿ, "ಛೇ, ನಾ ಬರೂದು ತಡಾತಲ್ಲೋ!" ಎಂದು ಮಗುವಿನಂತೆ ನಕ್ಕರು.

ಅಂದಿನಿಂದ ಫಕೀರಪ್ಪ ಪ್ರತಿ ಸೋಮವಾರ ಒಂದು ಹುಳುಕು ಕಾಯಿಯನ್ನು ಅವರಿಗೆಂದೇ ಎತ್ತಿಡುತ್ತಿದ್ದ. ಪೂಜ್ಯರು ಅದನ್ನು ಪ್ರಸಾದದಂತೆ ಎರಡೂ ಕೈಯೊಡ್ಡಿ ಪಡೆಯುತ್ತಿದ್ದರು.