ಕಡಲು ತಿಂದ ಮರಳಿನ ಅಳತೆ

"ಗುರುಗಳೇ, ನಾನು ತೋರಿಸಿದ ಜಾಗದಲ್ಲಿ ಊರವರು ಬಾವಿ ತೋಡಿದರು. ನೀರು ಬರಲಿಲ್ಲ. ಒಮ್ಮೆ ಮಾತು ಸುಳ್ಳಾದವನು ಮತ್ತೆ ಬಾಯಿ ತೆರೆಯಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಡಲ ತೀರದ ಊರೊಂದರಲ್ಲಿ ಒಬ್ಬ ಮೀನುಗಾರ್ತಿ ಇದ್ದಳು. ಪ್ರತಿ ಮಳೆಗಾಲವೂ ಕಡಲು ದಂಡೆಯ ಮರಳನ್ನು ತಿನ್ನುತ್ತಿತ್ತು; ಬೇಸಗೆಯೊಳಗೆ ಮತ್ತೆ ತಂದು ಹಾಕುತ್ತಿತ್ತು. ಎಷ್ಟು ತಿಂದಿತೆಂದು ಅವಳು ಹಗ್ಗ ಹಿಡಿದು ಅಳೆಯುತ್ತಿದ್ದಳು. ಎರಡು ತೋಳು ಚಾಚಿದಷ್ಟು ಉದ್ದದ ಮಾರಿಗೊಂದು ಗಂಟು, ವರ್ಷಕ್ಕೊಂದು ಹಗ್ಗ. ಮನೆಯ ತೊಲೆಯಿಂದ ಹತ್ತೊಂಬತ್ತು ಹಗ್ಗಗಳು ಇಳಿಬಿದ್ದಿದ್ದವು. ಅವುಗಳ ಗಂಟು ಎಣಿಸಿ, ಮಳೆಗೆ ಮುಂಚೆ ದೋಣಿಗಳನ್ನು ಎಲ್ಲಿಯವರೆಗೆ ಎಳೆದಿಡಬೇಕೆಂದು ಊರಿಗೆ ಹೇಳುತ್ತಿದ್ದಳು. ಊರು ಕೇಳುತ್ತಿತ್ತು.

ಒಂದು ವರ್ಷ "ಇಪ್ಪತ್ತು ಮಾರು ಸಾಕು" ಎಂದಳು. ಕಡಲು ಇಪ್ಪತ್ತೇಳು ಮಾರು ಬಂತು. ಒಂಬತ್ತು ದೋಣಿ ಹೋದವು. ಅವುಗಳಲ್ಲಿ ಅವಳದೂ ಒಂದು.

ಅವಳು ಮನೆಗೆ ಹೋಗಿ ಹಗ್ಗಗಳನ್ನು ಇಳಿಸಿ ಮೊದಲಿನಿಂದ ಎಣಿಸಿದಳು. ಬಹಳ ಹಿಂದಿನ ಒಂದು ಹಗ್ಗದಲ್ಲಿ ಇಪ್ಪತ್ತಾರು ಗಂಟುಗಳಿದ್ದವು. ಅದೊಂದು ವರ್ಷ ಎಲ್ಲೋ ಅಪರೂಪಕ್ಕೆ ಹಾಗಾಗಿದೆ ಎಂದು ಅವಳೇ ಅದನ್ನು ಲೆಕ್ಕದಿಂದ ಬಿಟ್ಟಿದ್ದಳು. ಅದನ್ನು ಮತ್ತೆ ತೊಲೆಗೆ ಕಟ್ಟಿದಳು. ಆಮೇಲೆ ಹೊಸ ಹಗ್ಗಕ್ಕೆ ಇಪ್ಪತ್ತೇಳು ಗಂಟು ಹಾಕಿ ಅದರ ಪಕ್ಕಕ್ಕೇ ಕಟ್ಟಿದಳು.

ಮರುವರ್ಷ ಮಳೆಗೆ ಮುಂಚೆ ಊರ ಯಜಮಾನನ ಮುಂದೆ ನಿಂತಳು.

"ಯಜಮಾನರೇ, ಹೆಚ್ಚಿನ ವರ್ಷ ಕಡಲು ಇಪ್ಪತ್ತು ಮಾರಿನೊಳಗೇ ನಿಲ್ಲುತ್ತದೆ. ಆದರೂ ದೋಣಿಗಳು ಮೂವತ್ತರಾಚೆ ಇರಲಿ."

"ಇಪ್ಪತ್ತೋ, ಮೂವತ್ತೋ? ಒಂದು ಮಾತು ಹೇಳು. ಆಗದಿದ್ದರೆ ಆ ಹಗ್ಗಗಳನ್ನು ಒಲೆಗೆ ಹಾಕಿ ಬಾಯಿ ಮುಚ್ಚಿಕೊಂಡಿರು."

"ಹೋದ ವರ್ಷ ಒಂದೇ ಮಾತು ಹೇಳಿದೆ. ಒಂಬತ್ತು ದೋಣಿ ಹೋದವು. ಹಗ್ಗ ಸುಡುವುದಿಲ್ಲ. ಬಾಯಿಯನ್ನೂ ಮುಚ್ಚುವುದಿಲ್ಲ."

ಅವಳೂ ಅವಳ ನಾದಿನಿಯೂ ಸೇರಿ ಉಳಿದಿದ್ದ ತಮ್ಮ ಹಳೆಯ ದೋಣಿಯೊಂದನ್ನು ಮೂವತ್ತರಾಚೆ ಎಳೆದರು. ಆ ವರ್ಷ ಕಡಲು ಹದಿನಾರಕ್ಕೇ ನಿಂತಿತು. ಊರು ನಕ್ಕಿತು. ಅವಳಿಗೆ 'ಮೂವತ್ತಕ್ಕ' ಎಂಬ ಹೆಸರು ಬಿತ್ತು. ಆ ಹೆಸರಿನಿಂದ ಕರೆದರೂ ಅವಳು ಓಗೊಟ್ಟಳು. ಮರುವರ್ಷ ಮತ್ತೆ ಮೂವತ್ತರಾಚೆಗೇ ಎಳೆದಳು. ಮೂರನೆಯ ವರ್ಷ, ಹಿಂದೆ ದೋಣಿ ಕಳೆದುಕೊಂಡಿದ್ದ ಮೂರು ಮನೆಯವರು ಬಂದು ಅವಳ ಜೊತೆ ತಮ್ಮ ತಮ್ಮ ಹೊಸ ದೋಣಿಯನ್ನೂ ಎಳೆದರು.

ಆರನೆಯ ವರ್ಷ ಕಡಲು ಇಪ್ಪತ್ತೆಂಟು ಮಾರು ಬಂತು. ಊರಿನಲ್ಲಿ ಉಳಿದದ್ದು ನಾಲ್ಕೇ ದೋಣಿ. ಆ ವರ್ಷ ಇಡೀ ಊರು ಉಂಡದ್ದು ಅವು ತಂದ ಮೀನಿನಿಂದಲೇ.

ಯಜಮಾನ ಅವಳ ಅಂಗಳಕ್ಕೆ ಬಂದ. "ಈ ವರ್ಷವೇ ಬರುತ್ತದೆಂದು ನಿನಗೆ ಗೊತ್ತಿತ್ತೇ?"

"ಗೊತ್ತಿರಲಿಲ್ಲ."

"ಮತ್ತೆ ಆರು ವರ್ಷವೂ ಯಾಕೆ ಎಳೆದೆ?"

"ಗೊತ್ತಿರಲಿಲ್ಲವಲ್ಲ, ಅದಕ್ಕೇ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಇನ್ನೂ ತಣಿಯಲಿಲ್ಲ. "ಆದರೆ ಗುರುಗಳೇ, ಮೊದಲು ಹೋದ ಆ ಒಂಬತ್ತು ದೋಣಿ ಅವಳ ತಪ್ಪಿನಿಂದಲೇ ಅಲ್ಲವೇ?"

"ಹೌದು. ಆಮೇಲೆ ಅವಳು ಸುಮ್ಮನಾಗಿದ್ದರೆ, ಉಳಿದ ಈ ನಾಲ್ಕೂ ಅವಳ ತಪ್ಪಿನಿಂದಲೇ ಹೋಗುತ್ತಿದ್ದವು."