ಬರಿದು ಎಂದ ಚಕ್ರ

ವಾರಿಜಾ ಗುರುಗಳ ಎದುರು ಕುಳಿತು ಕೇಳಿದಳು: "ಗುರುಗಳೇ, ರೋಗಿಗೆ ಹನಿಹನಿಯಾಗಿ ಔಷಧ ಕೊಡುವ ಯಂತ್ರಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಹನಿಗಳ ಎಣಿಕೆ ಇನ್ನೂರು ದಾಟುವುದು ಅಪರೂಪ. ಅದಕ್ಕೆ ಇನ್ನೂರೈವತ್ತೈದರವರೆಗೆ ಎಣಿಸುವ ಎಂಟು ಬಿಟ್ ಸಾಲದೇ? ಮೂವತ್ತೆರಡು ಕೊಟ್ಟರೆ ಪ್ರೊಸೆಸರ್‌ಗೆ ಸುಮ್ಮನೆ ಹೊರೆ."

ಗುರುಗಳು ಹೇಳಿದರು:

ಒಂದು ಕೆರೆಗೆ ಒಬ್ಬ ಕಾವಲುಗಾರನಿದ್ದ. ಅವನ ಕಲ್ಲಿನ ಕೋಣೆ ಏರಿಯ ಬುಡದಲ್ಲಿತ್ತು. ಅಲ್ಲಿಂದ ನೀರು ಕಾಣುತ್ತಿರಲಿಲ್ಲ. ನೀರಿನ ಮೇಲೆ ತೇಲುವ ಬೆಂಡಿಗೆ ಹಗ್ಗ ಕಟ್ಟಿ, ಅದನ್ನು ಕೋಣೆಯೊಳಗಿನ ಒಂದು ಚಕ್ರಕ್ಕೆ ಸುತ್ತಿದ್ದರು. ನೀರು ಏರಿದಂತೆ ಚಕ್ರ ತಿರುಗುತ್ತಿತ್ತು. ಅದರ ಅಂಚಿನಲ್ಲಿ 'ಬರಿದು' ಎಂಬಲ್ಲಿಂದ 'ತುಂಬಿದೆ' ಎಂಬವರೆಗೆ ಗುರುತುಗಳಿದ್ದವು. ತುಂಬಿದೆ ಎಂದರೆ ತೂಬು ತೆರೆಯಬೇಕು. ಬರಿದು ಎಂದರೆ ಮುಚ್ಚಬೇಕು.

ಬಡಗಿ ಚಕ್ರವನ್ನು ಚಿಕ್ಕದಾಗಿ ಮಾಡಿದ್ದ. 'ನೀರು ಇದಕ್ಕಿಂತ ಮೇಲೆ ಬಂದದ್ದನ್ನು ಯಾರೂ ಕಂಡಿಲ್ಲ. ಗಾಡಿಯಲ್ಲಿ ಹೊತ್ತು ತರುವ ಎತ್ತಿಗೇಕೆ ಭಾರ?' ಎಂದಿದ್ದ. ನೂರು ಚಕ್ರ ಹೇರಬೇಕಿದ್ದರೆ ಅವನ ಮಾತು ಸರಿ. ಇದ್ದದ್ದು ಒಂದೇ. ಚಿಕ್ಕ ಚಕ್ರಕ್ಕೂ ಎತ್ತು ಎಳೆದದ್ದು ಅದೇ ಗಾಡಿಯನ್ನೇ. ಗಾಡಿಯ ಉಳಿದ ಜಾಗ ಖಾಲಿ ಬಂತು.

ಒಂದು ಮಳೆಗಾಲ ಚಕ್ರ 'ತುಂಬಿದೆ'ಗೆ ಬಂತು. ಕಾವಲುಗಾರ ತೂಬು ತೆರೆದ. ಆದರೂ ನೀರು ಏರುತ್ತಲೇ ಇತ್ತು. ಆ ಗುರುತಿನ ಮಗ್ಗುಲಲ್ಲೇ ಇದ್ದದ್ದು 'ಬರಿದು.' ಚಕ್ರ ಸದ್ದಿಲ್ಲದೆ ಅಲ್ಲಿಗೆ ಹೊರಳಿ ನಿಂತಿತು. ಕಾವಲುಗಾರ ಎದ್ದು ತೂಬು ಮುಚ್ಚಿದ.

ಏರಿಯ ಕೆಳಗಿನ ಊರಿನಿಂದ ಹೆಂಡತಿ ಊಟ ತಂದಳು. ಗೋಡೆಗೆ ಕೈ ತಗುಲಿತು.

"ಏನ್ರೀ ಇದು, ಕಲ್ಲು ಬೆವರುತ್ತಿದೆ?"

"ನಿನಗೆಲ್ಲ ಅನುಮಾನವೇ. ಕೆರೆಯಲ್ಲಿ ನೀರೇ ಇಲ್ಲ, ಚಕ್ರ ನೋಡು."

ಕಲ್ಲಿನ ಸಂದಿಯಿಂದ ಒಂದು ಸಣ್ಣ ಮೀನು ಜಾರಿ ನೆಲಕ್ಕೆ ಬಿತ್ತು. ಬಿದ್ದಲ್ಲೇ ಮಿಸುಕಾಡಿತು. ಅವನು ಮೀನನ್ನು ನೋಡಿದ. ಚಕ್ರವನ್ನು ನೋಡಿದ. ತಟ್ಟೆಯನ್ನು ಹತ್ತಿರ ಎಳೆದುಕೊಂಡು ಉಣ್ಣತೊಡಗಿದ.

ಮಳೆ ನಿಂತ ಮೇಲೆ ನೆರೆಯೂರಿನವರು ಬಂದರು. ಏರಿ ಇರಲಿಲ್ಲ. ಊರೂ ಇರಲಿಲ್ಲ. ಕೆಸರಿನಲ್ಲಿ ಕೋಣೆಯ ಒಂದು ಗೋಡೆ, ಅದಕ್ಕೆ ಅಂಟಿಕೊಂಡು ಆ ಚಕ್ರ. ಅದು ಈಗಲೂ ಬರಿದು ಎನ್ನುತ್ತಿತ್ತು. ಈ ಸಲ ಅದು ನಿಜವಾಗಿತ್ತು.

ವಾರಿಜಾ, "ಅವನೂ ಒಮ್ಮೆ ಗೋಡೆ ಮುಟ್ಟಿ ನೋಡಬಹುದಿತ್ತಲ್ಲ" ಎಂದಳು.

ಗುರುಗಳು ಹೇಳಿದರು: "ಅವನಿಗೆ ಮುಟ್ಟಲು ಕೈಯಾದರೂ ಇತ್ತು, ನಿನ್ನ ಯಂತ್ರಕ್ಕೆ ಇರುವುದು ಎಣಿಕೆಯ ಚಕ್ರವೊಂದೇ."