ದಳವಾಯಿಗಳ ಗುಡ್ಡೆ, ಅಡವಪ್ಪನ ಪೇಟ

"ದೊಡ್ಡ ಗುಡ್ಡೆ ಯಾರಿಗೆ ಬೇಕಾದರೂ ಸಿಗಬಹುದು. ಅದನ್ನು ಇಟ್ಟುಕೊಂಡು ಆಡುವುದಿದೆಯಲ್ಲ, ಅದು ವಿದ್ಯೆ," ಎಂದರು ದಳವಾಯಿ ಸರ್ಜಪ್ಪ, ಮೀಸೆಗಂಟಿದ ಮಜ್ಜಿಗೆ ಒರೆಸಿಕೊಳ್ಳುತ್ತಾ.

ಪಂಕ್ತಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಸರ್ಜಪ್ಪನವರು ಕೆಂಚನದುರ್ಗದ ರಾಣಿಯ ಅಣ್ಣ. ಅವರು ಮಾತಾಡುವಾಗ ತಲೆಯಾಡಿಸುವುದು ಅರಮನೆಯ ಊಟದ ಒಂದು ಭಾಗ.

ಗುಡ್ಡೆ ಎಂದರೆ ಹುಣಸೆ ಬೀಜದ ಗುಡ್ಡೆ. ವರ್ಷಕ್ಕೊಮ್ಮೆ ಅರಮನೆಯಲ್ಲಿ ಗಂಜೀಫಾ ಎಲೆಯಾಟದ ಪಂದ್ಯ. ಎಲ್ಲರಿಗೂ ಸಮನಾಗಿ ಬೀಜ, ಆಟಕ್ಕೆ ಮೂರು ಮೂರು ಎಲೆ. ಪ್ರತಿ ಆಟಕ್ಕೂ ಎಲ್ಲರೂ ಒಂದೊಂದು ಬೀಜವನ್ನು ನಡುವಿನ ಬಟ್ಟಲಿಗೆ ಹಾಕಬೇಕು. ಎಲೆಯ ಮೇಲೆ ನಂಬಿಕೆಯಿದ್ದವನು ಇನ್ನಷ್ಟು ಬೀಜ ಮುಂದೆ ತಳ್ಳುತ್ತಾನೆ. ಎದುರಿಸುವವನು ಅಷ್ಟೇ ತಳ್ಳಬೇಕು, ಧೈರ್ಯವಿಲ್ಲದವನು ಎಲೆ ಕೆಳಗಿಡಬೇಕು. ಎಲೆ ತಿರುವಿದಾಗ ದೊಡ್ಡ ಎಲೆಯವನಿಗೆ ಬಟ್ಟಲು, ಯಾರೂ ಎದುರಿಸದಿದ್ದರೆ ತಳ್ಳಿದವನಿಗೇ. ಬೀಜ ಮುಗಿದವನು ಎದ್ದು ನಿಂತು, ಆಡುತ್ತಿರುವವರಿಗೆ ಬೀಸಣಿಗೆ ಬೀಸಬೇಕು. ಕೊನೆಗೆ ಉಳಿದವನು ರಾಜರಲ್ಲಿ ಏನನ್ನಾದರೂ ಕೇಳಬಹುದು.

ಈಚಿನ ವರ್ಷಗಳಲ್ಲಿ ಕೇಳುತ್ತಿದ್ದವರು ದಳವಾಯಿಗಳೊಬ್ಬರೇ. ಹೋದ ಸಲ ಅವರು ಆಸ್ಥಾನಕವಿಯ ಹಿತ್ತಲಿನ ಹಲಸಿನ ಮರ ಕೇಳಿ ಪಡೆದಿದ್ದರು. ಕವಿಗಳು ಅದರ ಮೇಲೆ ಒಂದು ಅಭಿನಂದನಾ ಪದ್ಯವನ್ನೂ ಬರೆದುಕೊಟ್ಟರು.

ಈ ಸಲದ ಆಸೆಯನ್ನು ದಳವಾಯಿಗಳು ಊಟದಲ್ಲೇ ಹೇಳಿಬಿಟ್ಟರು: ವಿದೂಷಕ ಅಡವಪ್ಪ ಒಂದು ವರ್ಷ ಆಸ್ಥಾನದಲ್ಲಿ ಬಾಯಿ ತೆರೆಯಕೂಡದು.

ಅಡವಪ್ಪನಿಗೆ ಹೊಲವಿರಲಿಲ್ಲ, ಅಂಗಡಿಯಿರಲಿಲ್ಲ. ಇದ್ದದ್ದು ಒಂದು ಬಾಯಿ, ಅದರಿಂದಲೇ ಮನೆಮಂದಿಯೆಲ್ಲ ಉಣ್ಣುತ್ತಿದ್ದರು. ಆ ದಿನ ಬೆಳಗಿನ ಆಟ ನಿಲ್ಲಿಸಿ ಊಟಕ್ಕೆ ಏಳುವಾಗ ದಳವಾಯಿಗಳ ಮುಂದೆ ಮೊಣಕಾಲೆತ್ತರದ ಗುಡ್ಡೆಯಿತ್ತು. ಅಡವಪ್ಪನ ಮುಂದೆ ಒಂದೂವರೆ ಹಿಡಿ ಬೀಜ.

ಅವನು ಬಾಳೆಲೆಯ ಮೇಲಿನ ಕೊನೆಯ ತುತ್ತನ್ನು ನಿಧಾನವಾಗಿ ಮುಗಿಸಿ ಹೇಳಿದ: "ದಳವಾಯಿಗಳ ವಿದ್ಯೆ ದೊಡ್ಡದೇ. ಆದರೆ ಆ ಗುಡ್ಡೆಯ ಮುಂದೆ ನನ್ನ ಪೇಟ ಇಟ್ಟರೂ ಗೆಲ್ಲುತ್ತದೆ."

ರಾಜ ಹಿರೇಮಲ್ಲ ನಾಯಕರಿಗೆ ಊಟದ ನಂತರ ನಿದ್ದೆ ಬರುತ್ತಿತ್ತು. ಅದು ಹಾರಿಹೋಯಿತು. "ಇಡು ಮತ್ತೆ. ಪೇಟ ಸೋತರೆ ಒಂದು ವರ್ಷವಲ್ಲ, ಬದುಕಿರುವವರೆಗೂ ಬಾಯಿ ಮುಚ್ಚಬೇಕು."

"ಆಗಲಿ ಪ್ರಭು. ದಳವಾಯಿಗಳು ನನ್ನ ಜಾಗದಲ್ಲಿ ಕೂತು ನನ್ನ ಬೀಜದಲ್ಲಿ ಆಡಲಿ. ವಿದ್ಯೆ ಗುಡ್ಡೆಯಲ್ಲಿಲ್ಲ, ಅವರಲ್ಲಿದೆ ತಾನೇ?"

ದಳವಾಯಿಗಳು ರಾಜರ ಮುಖ ನೋಡಿದರು. ಇಲ್ಲ ಎನ್ನುವ ಹಾಗಿರಲಿಲ್ಲ. ಹೋಗಿ ಕೂತರು.

ಅಡವಪ್ಪ ತನ್ನ ಮಾಸಲು ಪೇಟವನ್ನು ಗುಡ್ಡೆಯ ಹಿಂದಿನ ದಿಂಬಿನ ಮೇಲಿಟ್ಟ. ಎಲೆ ಹಂಚುವ ಮುದುಕನಿಗೆ ಮೂರೇ ಮಾತು ಹೇಳಿದ. ಯಾರಾದರೂ ಮೊದಲೇ ಬೀಜ ತಳ್ಳಿದರೆ ಪೇಟದ ಎಲೆ ಕೆಳಗಿಡು. ಯಾರೂ ತಳ್ಳದಿದ್ದರೆ ಪೇಟದ ಪರವಾಗಿ ಒಂದು ಹಿಡಿ ತಳ್ಳು. ಎಲೆ ತಿರುವಿ ನೋಡುವ ಕಷ್ಟ ಬೇಡ. ಇಷ್ಟು ಹೇಳಿ ಕಂಬಕ್ಕೊರಗಿ ಕೂತ.

ಮೊದಲ ಆಟದಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಪೇಟ ಒಂದು ಹಿಡಿ ತಳ್ಳಿತು. ಆಸ್ಥಾನದ ವೈದ್ಯರ ಕೈಯಲ್ಲಿ ಒಳ್ಳೆಯ ಎಲೆಗಳಿದ್ದವು. ಅವರು ಆ ಹಿಡಿಯನ್ನು ನೋಡಿದರು, ಗೋಡೆಗೆ ತೂಗುಹಾಕಿದ ಬೀಸಣಿಗೆಯನ್ನು ನೋಡಿದರು, ಎಲೆ ಕೆಳಗಿಟ್ಟರು. ಪುರೋಹಿತರು ಶಕುನ ಸರಿಯಿಲ್ಲವೆಂದರು. ಬಟ್ಟಲು ಪೇಟದ ಪಾಲಾಯಿತು.

ಹೀಗೇ ನಡೆಯಿತು. ಒಮ್ಮೊಮ್ಮೆ ಯಾರಾದರೂ ಧೈರ್ಯ ಮಾಡಿ ಮೊದಲೇ ತಳ್ಳಿದರೆ ಪೇಟ ಮರ್ಯಾದೆಯಿಂದ ಹಿಂದೆ ಸರಿಯುತ್ತಿತ್ತು. ಈ ಗುಣವನ್ನು ಆ ದಿಂಬಿನ ಮೇಲೆ ಯಾರೂ ಅದುವರೆಗೆ ಕಂಡಿರಲಿಲ್ಲ.

ದಳವಾಯಿಗಳ ಬೀಜ ಒಂದೊಂದಾಗಿ ಕರಗುತ್ತಿತ್ತು. "ಏನು ಹೆದರುತ್ತೀರಿ?" ಎಂದು ಗದರಿದರು. "ಅದು ಎಲೆಯನ್ನೇ ನೋಡಿಲ್ಲ."

"ತಾವೂ ನೋಡುತ್ತಿರಲಿಲ್ಲವಲ್ಲ ಸ್ವಾಮಿ," ಎಂದರು ವೈದ್ಯರು, ಬಹಳ ವಿನಯದಿಂದ.

ಮುಂದಿನ ಆಟದಲ್ಲಿ ದಳವಾಯಿಗಳು ಪೇಟದ ಹಿಡಿಗೆ ತಮ್ಮ ಹಿಡಿ ಎದುರಿಟ್ಟರು. ಎಲೆ ತಿರುವಿದರು. ಗೆದ್ದರು. ಮೀಸೆ ತೀಡಿಕೊಂಡು ಅಡವಪ್ಪನತ್ತ ನೋಡಿದರು. ಅಡವಪ್ಪ ಗುಡ್ಡೆಯತ್ತ ನೋಡಿದ. ಹೋದ ಹಿಡಿ ಎಲ್ಲಿಂದ ಹೋಯಿತೆಂದು ಅಲ್ಲಿ ಗುರುತೇ ಇರಲಿಲ್ಲ.

ಪೇಟಕ್ಕೆ ಸಿಟ್ಟು ಬರಲಿಲ್ಲ. ಸೇಡು ತೀರಿಸಿಕೊಳ್ಳಬೇಕೆಂದೂ ಅನಿಸಲಿಲ್ಲ. ಮುಂದಿನ ಆಟದಲ್ಲಿ ಮತ್ತೆ ಅದೇ ಒಂದು ಹಿಡಿ.

ದಳವಾಯಿಗಳು ಎದುರಿಸಿ ಸೋತರು. ಉಳಿದದ್ದು ಒಂದು ಹಿಡಿಗೆ ಸರಿಯಾಗಿತ್ತು. ಪೇಟ ಮತ್ತೆ ತಳ್ಳಿತು.

"ಚಿಂದಿ ಬಟ್ಟೆ ಎಲೆ ನೋಡದೆ ಆಡುವುದಾದರೆ ನಾನು ನೋಡಿ ಆಡಬೇಕೇ?" ಎಂದು ದಳವಾಯಿಗಳು ತಮ್ಮ ಎಲೆ ಮುಟ್ಟದೆ ಇದ್ದಬದ್ದದ್ದೆಲ್ಲ ತಳ್ಳಿದರು.

ಮುದುಕ ಎಲೆ ತಿರುವಿದ. ಪೇಟದ ಬಳಿ ಒಂದು ರಾಜನ ಎಲೆಯಿತ್ತು. ದಳವಾಯಿಗಳ ಬಳಿ ಇದ್ದ ಮೂರನ್ನು ಹೇಳದಿರುವುದೇ ಮೇಲು.

ಯಾರೋ ಗೋಡೆಯಿಂದ ಬೀಸಣಿಗೆ ತಂದುಕೊಟ್ಟರು. ನಿಯಮ ನಿಯಮವೇ. ಸಂಜೆಯವರೆಗೆ ಕೆಂಚನದುರ್ಗದ ದಳವಾಯಿಗಳು ಒಂದು ಮಾಸಲು ಪೇಟಕ್ಕೆ ಗಾಳಿ ಹಾಕಿದರು. ಉಳಿದವರು ಒಬ್ಬೊಬ್ಬರಾಗಿ ಎದ್ದು ಅವರ ಪಕ್ಕ ನಿಂತರು. ಕೊನೆಗೆ ಪೇಟ ಒಂದೇ ಉಳಿಯಿತು.

"ಅದಕ್ಕೆ ಆಟವೇ ಬರುವುದಿಲ್ಲ," ಎಂದು ದಳವಾಯಿಗಳು ರಾಜರಿಗೆ ದೂರಿತ್ತರು.

"ನಿಜ, ಬರುವುದಿಲ್ಲ," ಎಂದ ಅಡವಪ್ಪ. "ಬರುತ್ತದೆ ಎಂದು ಅದು ಅಂದುಕೊಂಡಿರಲಿಲ್ಲ, ಅಷ್ಟೇ. ದೊಡ್ಡ ಗುಡ್ಡೆ ಹತ್ತು ಸಲ ಸೋಲಬಹುದು, ಎದುರಿಗಿದ್ದವನು ಒಂದು ಸಲ ಸೋತರೆ ಬೀಸಣಿಗೆ. ಕಂಡಕಂಡವರ ಮೇಲೆ ಬೀಳದೆ, ಕಳೆದುಕೊಳ್ಳಲು ಹೆದರುವವರ ಮುಂದೆ ಒಂದು ಹಿಡಿ ಇಟ್ಟು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಪೇಟಕ್ಕೆ ಸುಲಭ."

ನಾಯಕರು ನಗಲಿಲ್ಲ. ಗಡ್ಡ ಸವರಿಕೊಂಡರು. ಅವರ ಸೈನ್ಯ ಸುತ್ತಲಿನ ಪಾಳೆಯಗಾರರ ಸೈನ್ಯಕ್ಕಿಂತ ಬಹಳ ದೊಡ್ಡದು. ಅವರು ಇದುವರೆಗೆ ಸೋತಿರಲಿಲ್ಲ.

"ಅಡವಪ್ಪ, ನಾನು ಗೆದ್ದ ಯುದ್ಧಗಳಿವೆಯಲ್ಲ. ಅವನ್ನು ಗೆದ್ದದ್ದು ನಾನೋ, ನನ್ನ ಗುಡ್ಡೆಯೋ?"

ಬೀಸಣಿಗೆಗಳು ನಿಂತವು. ಆಸ್ಥಾನವೆಲ್ಲ ನೆಲ ನೋಡಿತು.

ಅಡವಪ್ಪ ಪೇಟವನ್ನು ಎತ್ತಿ, ಕೊಡವಿ, ಜೋಪಾನವಾಗಿ ತಲೆಗೆ ಇಟ್ಟುಕೊಂಡ.

"ಅದು ಗೊತ್ತಾಗಬೇಕಾದರೆ ಇದನ್ನು ಸಿಂಹಾಸನದ ಮೇಲಿಟ್ಟು ನೋಡಬೇಕು ಪ್ರಭು. ನನಗೆ ಅಷ್ಟು ಧೈರ್ಯವಿಲ್ಲ. ಅಲ್ಲಿ ಇದು ಸೋತರೆ ನನ್ನ ಪೇಟ ಹೋಗುತ್ತದೆ. ಗೆದ್ದರೆ ತಲೆ."

ನಾಯಕರು ನಕ್ಕರು. ಅವರು ನಕ್ಕದ್ದನ್ನು ಖಚಿತ ಮಾಡಿಕೊಂಡು ಆಸ್ಥಾನವೂ ನಕ್ಕಿತು. ಗೆದ್ದ ಪೇಟ ತನಗಾಗಿ ಏನನ್ನೂ ಕೇಳಲಿಲ್ಲವಾದ್ದರಿಂದ, ಅದರ ಪರವಾಗಿ ಅಡವಪ್ಪನೇ ಕವಿಗಳ ಹಲಸಿನ ಮರವನ್ನು ವಾಪಸು ಕೇಳಿದ.